ಪೂಜಾರಿಯಲ್ಲದವರಿಗೂ ಒಬ್ಬ ದೇವರು

ತುಮಕೂರಿನಲ್ಲಿ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟ ಆಡುವ ಗೆಳೆಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ನಿಮ್ಮ ಕ್ಯಾರೆಕ್ಟರ್ ಶೀಟ್, ಅಂದರೆ ಆಟದಲ್ಲಿ ನೀವು ಆಡುವ ಪಾತ್ರದ ವಿವರ ಬರೆದ ಹಾಳೆ, ಒಮ್ಮೆ ತೆಗೆದು ನೋಡಿ. ಹೆಸರು, ಕ್ಲಾಸ್ (ಪಾತ್ರದ ಕಸುಬು), ಕತ್ತಿ, ಹಗ್ಗ, ಪಂಜು, ಎಲ್ಲ ತುಂಬಿಸಿದ್ದೀರಿ. ದೇವರು ಅನ್ನುವ ಕಡೆ ಹೆಚ್ಚಿನವರು ಏನೂ ಬರೆದಿಲ್ಲ. ಕ್ಲೆರಿಕ್, ಅಂದರೆ ದೇವರಿಂದ ಮಂತ್ರಶಕ್ತಿ ಪಡೆಯುವ ಪೂಜಾರಿ ಪಾತ್ರ, ಆಡುವವರು ಬರೆದಿದ್ದೀರಿ, ಯಾಕಂದ್ರೆ ಬರೆಯದೆ ಅವರಿಗೆ ಬೇರೆ ದಾರಿಯಿಲ್ಲ. ಇನ್ನು ಕೆಲವರು ಸುಮ್ನೆ ಒಂದು ಹೆಸರು ಹಾಕಿರುತ್ತೀರಿ. ಕತ್ತಿ ಹಿಡಿದವನಿಗೆ ಯುದ್ಧದ ದೇವರು, ಕಳ್ಳನಿಗೆ ಕಳ್ಳರ ದೇವರು, ಮಾಂತ್ರಿಕನಿಗೆ ಮಂತ್ರದ ದೇವಿ. ಬರೆದದ್ದಷ್ಟೇ. ಆಮೇಲೆ ಕ್ಯಾಂಪೇನ್, ಅಂದರೆ ಹಲವು ಸಲ ಕೂತು ಆಡುವ ಆ ದೊಡ್ಡ ಕಥೆ, ಮುಗಿಯುವ ತನಕ ಆ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಆ ಜಾಗದ ಬಗ್ಗೆ.

ಅದು ಖಾಲಿ ಉಳಿದಿರುವುದಕ್ಕೆ ಆಟದ ಚರಿತ್ರೆಯಲ್ಲೇ ಕಾರಣ ಇದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವ ಆಟ 1974ರಲ್ಲಿ ಬಂತು. ಆಗ ಇದ್ದದ್ದು ಮೂರೇ ಕ್ಲಾಸ್: ಹೋರಾಟಗಾರ, ಮಾಂತ್ರಿಕ, ಕ್ಲೆರಿಕ್. ಕ್ಲೆರಿಕ್ ಏನೋ ಇದ್ದ, ಆದರೆ ಅವನು ಯಾವ ದೇವರ ಪೂಜಾರಿ ಅಂತ ಆ ಪುಸ್ತಕಗಳು ಹೇಳಲಿಲ್ಲ. ದೇವರುಗಳ ಪುರವಣಿ ಬಂದದ್ದು 1976ರಲ್ಲಿ. ಪೂಜಾರಿ ಮೊದಲು ಬಂದ, ದೇವರು ಎರಡು ವರ್ಷ ಬಿಟ್ಟು ಬಂದರು. 1980ರಲ್ಲಿ ಆ ಆಟ ತಂದ ಕಂಪನಿಯೇ ದೇವರುಗಳ ಬಗ್ಗೆಯೇ ಒಂದು ದಪ್ಪ ಪುಸ್ತಕ ತಂದಿತು. ಗ್ರೀಕರ, ಈಜಿಪ್ಟಿನವರ ದೇವರುಗಳ ಜೊತೆ ನಮ್ಮ ಇಂದ್ರ, ಅಗ್ನಿ, ಕಾಳಿ ಕೂಡ ಅದರಲ್ಲಿದ್ದಾರೆ. ಒಬ್ಬೊಬ್ಬರಿಗೂ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆಯಬಲ್ಲರು ಅನ್ನುವ ಅಂಕಿ), ಆರ್ಮರ್ ಕ್ಲಾಸ್ (ಅವರಿಗೆ ಪೆಟ್ಟು ತಾಕಿಸುವುದು ಎಷ್ಟು ಕಷ್ಟ ಅನ್ನುವ ಅಂಕಿ). ಹಿಟ್ ಪಾಯಿಂಟ್ ಕೊಟ್ಟ ಮೇಲೆ ಆಟಗಾರರು ಹೊಡೆಯದೆ ಬಿಡುತ್ತಾರಾ? ಹೀಗಾಗಿ ದೇವರು ಅಂದರೆ ಒಂದೋ ಕ್ಲೆರಿಕ್‌ಗೆ ಮಂತ್ರ ಕೊಡುವವರು, ಇಲ್ಲಾ ಕೊನೆಯ ಲೆವೆಲ್‌ನಲ್ಲಿ ಸಿಗುವ ದೊಡ್ಡ ಶತ್ರು. ಮಾಮೂಲಿ ಮನುಷ್ಯ ದೇವರ ಜೊತೆ ಹೇಗೆ ಬದುಕುತ್ತಾನೆ ಅನ್ನುವುದಕ್ಕೆ ಜಾಗವೇ ಉಳಿಯಲಿಲ್ಲ. 2023ರ ಕಂಪ್ಯೂಟರ್ ಆಟ ಬಾಲ್ಡರ್ಸ್ ಗೇಟ್ 3 ಆಡಿದವರಿಗೆ ಇದು ಗೊತ್ತಿರುತ್ತೆ. ಕ್ಲೆರಿಕ್ ಮಾಡಿಕೊಂಡರೆ ದೇವರನ್ನು ಆರಿಸಿ ಅನ್ನುತ್ತದೆ. ಫೈಟರ್ (ಹೋರಾಟಗಾರ) ಮಾಡಿಕೊಂಡರೆ ಆ ಪ್ರಶ್ನೆಯನ್ನೇ ಕೇಳುವುದಿಲ್ಲ.

ಈಗ ನಮ್ಮ ಊರುಗಳನ್ನು ನೆನಪಿಸಿಕೊಳ್ಳಿ. ಊರಲ್ಲಿ ಪೂಜಾರಿ ಮನೆ ಒಂದೋ ಎರಡೋ ಇರುತ್ತವೆ. ಮಿಕ್ಕವರೆಲ್ಲ ಒಕ್ಕಲು, ಅಂದರೆ ಆ ದೇವರಿಗೆ ನಡೆದುಕೊಳ್ಳುವವರು. ಸಂಬಂಧ ಬೆಳೆಸೋಕೆ ಬಂದವರು ಕಾಫಿ ಕುಡಿಯುತ್ತಾ ಮೊದಲು ಕೇಳುವುದೇ "ನಿಮ್ಮ ಮನೆದೇವ್ರು ಯಾವ್ದು?" ಅಂತ. ಎಡೆಯೂರು ಸಿದ್ಧಲಿಂಗೇಶ್ವರ ಅನ್ನುತ್ತಾರೆ ಒಬ್ಬರು, ದೇವರಾಯನದುರ್ಗದ ನರಸಿಂಹ ಅನ್ನುತ್ತಾರೆ ಇನ್ನೊಬ್ಬರು. "ನಾನೇನು ಪೂಜಾರಿನಾ, ನನಗ್ಯಾಕೆ ದೇವ್ರು" ಅಂತ ಯಾರೂ ಹೇಳುವುದಿಲ್ಲ. ಪೂಜಾರಿ ಬಾಗಿಲು ತೆಗೆಯುತ್ತಾರೆ, ದೀಪ ಹಚ್ಚುತ್ತಾರೆ, ಮಂಗಳಾರತಿ ಎತ್ತುತ್ತಾರೆ. ಹರಕೆ ಹೊತ್ತವರು, ಮುಡಿ ಕೊಟ್ಟವರು, ತಂಬಿಟ್ಟಿನ ಆರತಿ ತಲೆ ಮೇಲಿಟ್ಟುಕೊಂಡು ಬಿಸಿಲಲ್ಲಿ ಬರಿಗಾಲಲ್ಲಿ ನಡೆದವರು, ತೇರಿನ ಹಗ್ಗ ಹಿಡಿದವರು ಬೇರೆಯವರು. ದೇವರ ಜೊತೆ ಕೊಡು-ಕೊಳ್ಳುವ ಲೆಕ್ಕ ಇರುವುದು ಅವರಿಗೆ. ನಿಮ್ಮ ಫೈಟರ್, ನಿಮ್ಮ ರೋಗ್ (ಕಳ್ಳ), ನಿಮ್ಮ ಬಾರ್ಡ್ (ಹಾಡುಗಾರ) ಎಲ್ಲ ಯಾವುದೋ ದೇವರ ಒಕ್ಕಲು. ನಾನು ಹೇಳೋಕೆ ಬಂದಿರುವುದು ಇಷ್ಟು. ಮುಂದಿನದೆಲ್ಲ ಇದನ್ನೇ ಬಿಡಿಸಿ ಹೇಳುವ ಮಾತು.

ಆಟದ ಲೋಕದಲ್ಲಿ ಇದನ್ನು ಸರಿಯಾಗಿ ಹಿಡಿದದ್ದು ರೂನ್‌ಕ್ವೆಸ್ಟ್. 1978ರಲ್ಲಿ ಬಂದ ಆಟ. ಗ್ರೆಗ್ ಸ್ಟಾಫರ್ಡ್ ಕಟ್ಟಿದ ಗ್ಲೋರಾಂಥಾ ಅನ್ನುವ ಲೋಕದಲ್ಲಿ ನಡೆಯುತ್ತದೆ. ಅಲ್ಲಿ ಕ್ಲೆರಿಕ್ ಅಂತ ಬೇರೆ ಕ್ಲಾಸೇ ಇಲ್ಲ, ಕ್ಲಾಸ್ ಅನ್ನುವುದೇ ಇಲ್ಲ. ದನ ಕಾಯುವವನು, ವ್ಯಾಪಾರಿ, ವೈದ್ಯೆ, ಸೈನಿಕ, ಎಲ್ಲರೂ ಒಂದಲ್ಲ ಒಂದು ದೇವರ ಪಂಥಕ್ಕೆ ಸೇರಿದವರು. ಹೊರಸುತ್ತಿನವರು ಹಬ್ಬಕ್ಕೆ ಬಂದು ಕಾಣಿಕೆ ಹಾಕಿ ಹೋಗುತ್ತಾರೆ. ಅವರಿಗಿಂತ ಒಳಗಿನವರು ದೀಕ್ಷೆ ಪಡೆದವರು. ದೀಕ್ಷೆ ಬೇಕಾದರೆ ಶೀಟಿನಲ್ಲಿರುವ ಪವರ್ ಅಂಕಿಯಲ್ಲಿ ಒಂದು ಪಾಯಿಂಟ್ ದೇವರಿಗೆ ಕೊಡಬೇಕು. ನೀವೇ ರಬ್ಬರ್ ತಗೊಂಡು ಅಳಿಸಬೇಕು. ಪೂಜಾರಿ ಆಗುವುದು ಇನ್ನೂ ಮೇಲಿನ ಮಾತು, ಬಹಳಷ್ಟು ಪಾತ್ರಗಳು ಅಲ್ಲಿಗೆ ಹೋಗುವುದೇ ಇಲ್ಲ. ಹೋಗಬೇಕಾಗಿಯೂ ಇಲ್ಲ. ದೀಕ್ಷೆ ಪಡೆದ ಸೈನಿಕ ಸೈನಿಕನಾಗಿಯೇ ಉಳಿಯುತ್ತಾನೆ, ಆದರೆ ಅವನಿಗೊಂದು ನಂಟು ಅಂಟಿಕೊಂಡಿರುತ್ತದೆ.

ಇಲ್ಲಿ ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ನಮ್ಮ ದೇವರುಗಳನ್ನೇ ಹೆಸರು ಹಿಡಿದು ಆಟಕ್ಕೆ ತನ್ನಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಟೇಬಲ್‌ನಲ್ಲಿ ಕೂತಿರುವ ಯಾರಿಗೋ ಆ ದೇವರು ನಿಜವಾದ ಮನೆದೇವರು ಆಗಿರಬಹುದು. ಕಾಳಿಗೆ ಹಿಟ್ ಪಾಯಿಂಟ್ ಬರೆದ 1980ರ ಆ ಪುಟ ನೋಡಿದರೆ ನನಗೆ ಇವತ್ತಿಗೂ ಮನಸ್ಸು ಒಪ್ಪುವುದಿಲ್ಲ. ದೇವರು ಆ ಲೋಕದ್ದೇ ಇರಲಿ. ಜನ ದೇವರ ಜೊತೆ ನಡೆದುಕೊಳ್ಳುವ ರೀತಿಯನ್ನು ಮಾತ್ರ ನಮ್ಮ ಕಡೆಯಿಂದ ತಗೊಳ್ಳಿ.

ಮೊದಲು ಭಯದಿಂದ ಶುರು ಮಾಡೋಣ. ದೇವರ ಮೇಲೆ ಪ್ರೀತಿ ಇದ್ದವರು ಮಾತ್ರ ದೇವರನ್ನು ನಂಬುತ್ತಾರೆ ಅನ್ನುವುದು ತಪ್ಪು ತಿಳುವಳಿಕೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಫರ್ಗಾಟನ್ ರೆಲ್ಮ್ಸ್ ಲೋಕದಲ್ಲಿ ಅಂಬರ್ಲಿ ಅಂತ ಒಬ್ಬ ಸಮುದ್ರದ ದೇವಿ ಇದ್ದಾಳೆ. ಕೋಪಿಷ್ಠೆ, ಹಡಗು ಮುಳುಗಿಸುವವಳು. ಅವಳನ್ನು ಇಷ್ಟಪಡುವ ನಾವಿಕ ಸಿಗುವುದು ಕಷ್ಟ. ಆದರೂ ಅವಳಿಗೆ ಕಾಣಿಕೆ ಎಸೆಯದೆ ಹಡಗು ಬಿಡುವ ಧೈರ್ಯ ಯಾರಿಗೂ ಇಲ್ಲ. ಇದು ನಮಗೆ ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ. ಕೋಲಾರಕ್ಕೆ ಹೋಗಿ ಕೋಲಾರಮ್ಮನ ಗುಡಿ ನೋಡಿ. ಅಲ್ಲೇ ಚೇಳಮ್ಮನ ಗುಡಿಯೂ ಇದೆ. ಅವಳಿಗೆ ನಡೆದುಕೊಂಡರೆ ಚೇಳು ಕಚ್ಚುವುದಿಲ್ಲ ಅನ್ನುವುದು ಜನರ ನಂಬಿಕೆ. ಅಲ್ಲಿ ನೆಲದೊಳಗೆ ಹುದುಗಿದ ಹಳೆಯ ಹುಂಡಿ ಇದೆ, ಜನ ಬಗ್ಗಿ ಅದರಲ್ಲಿ ನಾಣ್ಯ ಹಾಕುತ್ತಾರೆ. ಕಲ್ಲುಬಂಡೆಗಳ ಸೀಮೆಯಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವನಿಗೆ ಚೇಳು ಅಂದರೆ ಏನು ಅಂತ ಯೋಚನೆ ಮಾಡಿ. ಆ ನಾಣ್ಯದ ಹಿಂದೆ ದೊಡ್ಡ ತತ್ವ ಏನೂ ಇಲ್ಲ. ನನ್ನ ಹೊಲದಲ್ಲಿ, ನನ್ನ ಮಕ್ಕಳ ಕಾಲ ಹತ್ತಿರ ಬರಬೇಡ, ಅಷ್ಟೇ. ಕಾಡು ಸುತ್ತುವ ನಿಮ್ಮ ರೇಂಜರ್ ಅಲ್ಲಿನ ಯಾವ ಜೀವಿಗೆ ಹೆದರುತ್ತಾನೆ? ಅದಕ್ಕೊಂದು ದೇವಿ ಇದ್ದರೆ ಅವಳಿಗೆ ಅವನು ಏನು ಕೊಡುತ್ತಾನೆ?

ಮಾರಮ್ಮನ ವಿಷಯ ಇನ್ನೂ ಆಳವಾದದ್ದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಯಲ್ಲೂ ಮಾರಮ್ಮ ಇಲ್ಲದ ಊರು ಕಡಿಮೆ. ಮಧುಗಿರಿಯ ದಂಡಿನ ಮಾರಮ್ಮ ನಿಮಗೆಲ್ಲ ಗೊತ್ತೇ ಇದೆ. ಸಿಡುಬು ಬಂದರೆ ಅಮ್ಮ ಬಂದಳು ಅನ್ನುತ್ತಿದ್ದರು. ಸಿಡುಬು ಜಗತ್ತಿನಿಂದಲೇ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿತು. ಮಾರಮ್ಮನ ಜಾತ್ರೆ ನಿಂತಿತಾ? ಇಲ್ಲ. ರೋಗ ಹೋಯಿತು, ನಂಟು ಉಳಿಯಿತು. ಈಗ ಬರುವವರು ಮಗನ ಕೆಲಸಕ್ಕೆ, ಮಗಳ ಮದುವೆಗೆ, ಮನೆ ಕಟ್ಟುವುದಕ್ಕೆ ಕೇಳಿಕೊಳ್ಳುತ್ತಾರೆ. ಇದು ಪಾತ್ರ ಬರೆಯುವವರಿಗೆ ಒಳ್ಳೆಯ ಸುಳಿವು. ಯಾವುದೋ ಹಳೆಯ ಡ್ರಾಗನ್ ಭಯಕ್ಕೆ ಶುರುವಾದ ಪೂಜೆ, ಡ್ರಾಗನ್ ಸತ್ತು ಎಷ್ಟೋ ತಲೆಮಾರು ಕಳೆದರೂ ನಡೆಯುತ್ತಲೇ ಇರಬಹುದು. ನಿಮ್ಮ ಫೈಟರ್‌ಗೆ ಅದರ ಮೂಲ ಗೊತ್ತಿರಬೇಕಾಗಿಲ್ಲ. ಅವನ ಅಜ್ಜಿ ಮಾಡುತ್ತಿದ್ದರು, ಅವನು ಮಾಡುತ್ತಾನೆ. ಗೇಮ್ ಮಾಸ್ಟರ್, ಅಂದರೆ ಆಟದ ಕಥೆ ನಡೆಸುವವರು, ಆದವರು ಆ ಮೂಲವನ್ನು ಜೇಬಲ್ಲಿ ಇಟ್ಟುಕೊಂಡಿರಿ, ಒಂದು ದಿನ ಕೆಲಸಕ್ಕೆ ಬರುತ್ತದೆ.

ಇನ್ನೊಂದು ದಾರಿ ಕೆಲಸದ್ದು. ನನಗೆ ತುಂಬಾ ಇಷ್ಟವಾದದ್ದು ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲ. ಬೋರ್‌ವೆಲ್ಲೇ ಗತಿ. ಸಾವಿರ ಅಡಿ ದಾಟಿ ಕೊರೆಯುವುದು ಮಾಮೂಲು. ಬೋರ್ ಕೊರೆಸುವ ರೈತನನ್ನು ನೋಡಿ. ಮೊದಲು ಪಾಯಿಂಟ್ ನೋಡಿಸುತ್ತಾನೆ. ಒಬ್ಬರು ಮೆಷಿನ್ ತಂದು ನೋಡುತ್ತಾರೆ, ಇನ್ನೊಬ್ಬರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ನಡೆಯುತ್ತಾರೆ, ಕಾಯಿ ಎದ್ದು ನಿಂತ ಕಡೆ ಗುರುತು ಹಾಕುತ್ತಾರೆ. ಎರಡನ್ನೂ ಮಾಡಿಸುತ್ತಾನೆ. ರಾತ್ರಿ ರಿಗ್ ಲಾರಿ ಬರುತ್ತದೆ. ಪಾಯಿಂಟ್ ಮೇಲೆ ಅರಿಶಿನ ಕುಂಕುಮ, ಹೂವು, ಊದಿನಕಡ್ಡಿ. ರೈತ ಗಂಗಮ್ಮನಿಗೆ ಕೈ ಮುಗಿದು ಕಾಯಿ ಒಡೆಯುತ್ತಾನೆ. ರಿಗ್ ಹುಡುಗರೂ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೆ. ಆಮೇಲೆ ಇಂಜಿನ್ ಶುರು. ಬಿಳಿ ಧೂಳು ಏಳುತ್ತದೆ, ಮನೆಯವರೆಲ್ಲ ದೂರದಲ್ಲಿ ಕೂತು ಕಾಯುತ್ತಾರೆ. ಧೂಳು ಒದ್ದೆಯಾಯಿತಾ, ಕೆಸರು ಬಂತಾ, ಕಣ್ಣೆಲ್ಲ ಅಲ್ಲೇ. ಅಡಿ ಲೆಕ್ಕದಲ್ಲಿ ದುಡ್ಡು ಹೋಗುತ್ತಿರುತ್ತದೆ. ಆ ಹೊತ್ತಲ್ಲಿ ಅವನ ದುಡಿಮೆಯಾಗಲಿ, ರಿಗ್ ಹುಡುಗರ ಕೈಚಳಕವಾಗಲಿ ನೀರು ತರಿಸಲಾರದು. ನೀರು ಇದ್ದರೆ ಇದೆ. ಅಲ್ಲಿ ಗಂಗಮ್ಮನ ಕೆಲಸ ಶುರುವಾಗುತ್ತದೆ.

ಮ್ಯಾಲಿನೋವ್ಸ್ಕಿ ಅನ್ನುವ ಮಾನವಶಾಸ್ತ್ರಜ್ಞರು ನೂರು ವರ್ಷದ ಹಿಂದೆ ಪೆಸಿಫಿಕ್‌ನ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇಂಥದ್ದನ್ನೇ ಕಂಡರು. ದಡದ ಒಳಗಿನ ಶಾಂತ ನೀರಲ್ಲಿ ಮೀನು ಹಿಡಿಯುವಾಗ ಅಲ್ಲಿನವರು ಮಂತ್ರ ತಂತ್ರ ಮಾಡುತ್ತಿರಲಿಲ್ಲ. ತೆರೆದ ಕಡಲಿಗೆ ಹೋಗುವಾಗ ಮಾಡದೆ ಹೋಗುತ್ತಿರಲಿಲ್ಲ. ಕೈಗೆ ಸಿಗುವ ಕೆಲಸಕ್ಕೆ ಜಾಣ್ಮೆ ಸಾಕು. ಅದರಾಚೆ ಅಪಾಯ ಮತ್ತು ಅದೃಷ್ಟ ಇರುವ ಕಡೆ ದೇವರನ್ನು ಕರೆಯುತ್ತಾರೆ.

ಇದನ್ನು ನಿಮ್ಮ ಶೀಟಿಗೆ ತನ್ನಿ. ರೋಗ್ ಬೀಗ ತೆಗೆಯುವುದರಲ್ಲಿ ಪಳಗಿದವನು, ಅಲ್ವಾ? ಹಾಗಾದರೆ ಬೀಗದ ಮುಂದೆ ನಿಂತಾಗ ಅವನು ದೇವರನ್ನು ನೆನೆಯುವುದಿಲ್ಲ. ಬಾಗಿಲಿನ ಆಚೆ ಯಾರಾದರೂ ಎಚ್ಚರವಾಗಿದ್ದಾರಾ ಅನ್ನುವುದು ಅವನ ಕೈಯಲ್ಲಿಲ್ಲ. ಅಲ್ಲಿ ಅವನು ಅದೃಷ್ಟದೇವಿ ಟೈಮೋರಾಳ ನಾಣ್ಯವನ್ನು ಬೆರಳಲ್ಲಿ ಒತ್ತಿ ಹಿಡಿಯುತ್ತಾನೆ. ಹಾಗಾಗಿ ಕಳ್ಳನಿಗೆ ಕಳ್ಳರ ದೇವರು ಅಂತ ಕಣ್ಣುಮುಚ್ಚಿ ಬರೆಯಬೇಡಿ. ಕಳ್ಳತನ ಅವನಿಗೆ ಬರುತ್ತದೆ. ಅವನಿಗೆ ಏನು ಕೈಮೀರಿದ್ದು ಅಂತ ಹುಡುಕಿ. ವೈದ್ಯೆಗೆ ಔಷಧಿ ಗೊತ್ತು, ಹೆರಿಗೆ ರಾತ್ರಿ ಏನಾಗುತ್ತದೆ ಗೊತ್ತಿಲ್ಲ. ಮಾಂತ್ರಿಕನಿಗೆ ಮಂತ್ರ ಬಾಯಿಪಾಠ, ಕಾಯಿಲೆ ಬಿದ್ದ ತಾಯಿ ಅವನು ವಾಪಸ್ ಬರುವ ತನಕ ಇರುತ್ತಾಳಾ ಗೊತ್ತಿಲ್ಲ. ದೇವರು ಇರುವುದು ಆ ಗೊತ್ತಿಲ್ಲದ ಕಡೆ.

ಇನ್ನು ಹರಕೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಅಲ್ಲಿ ಸಾಲುಸಾಲು ನಾಗರಕಲ್ಲುಗಳಿವೆ. ಮಕ್ಕಳಾಗಲಿ ಅಂತ, ಆದ ಮೇಲೆ ಹರಕೆ ತೀರಿಸೋಕೆ ಅಂತ ಜನ ಇಟ್ಟ ಕಲ್ಲುಗಳು. ಹಾಗೆ ಹುಟ್ಟಿದ ಮಕ್ಕಳಿಗೆ ನಾಗರಾಜ, ನಾಗರತ್ನ ಅಂತ ಹೆಸರಿಡುವುದು ರೂಢಿ. ಈ ಮಗು ದೇವರನ್ನು ಆರಿಸಿಕೊಳ್ಳಲಿಲ್ಲ. ಅದು ಹುಟ್ಟುವ ಮೊದಲೇ ಯಾರೋ ಮಾತು ಕೊಟ್ಟಿದ್ದರು. ಆ ಮಾತಿನ ಬಾಕಿ ಅದರ ಹೆಸರಲ್ಲೇ ಇದೆ.

ನಮ್ಮ ಟೇಬಲ್‌ನಲ್ಲಿ ಒಬ್ಬ ಹುಡುಗಿ ರೋಗ್ ಆಡುತ್ತಿದ್ದಳು. ಊರಿನಿಂದ ನಗರಕ್ಕೆ ಓಡಿಬಂದ ಜೇಬುಗಳ್ಳಿ. ದೇವರ ಜಾಗದಲ್ಲಿ ಅವಳು ಬರೆದದ್ದು ಚಾಂಟಿಯಾ ಅಂತ, ಹೊಲ ಬೆಳೆಗಳ ದೇವಿ. ಜೇಬುಗಳ್ಳಿಗೆ ಬೆಳೆಯ ದೇವಿ ಯಾಕೆ ಅಂತ ಎಲ್ಲರೂ ಕೇಳಿದರು. ಪಾತ್ರದ ತಾಯಿಗೆ ಮಕ್ಕಳು ನಿಲ್ಲುತ್ತಿರಲಿಲ್ಲವಂತೆ. ಈ ಮಗು ಉಳಿದರೆ ಅದು ಬದುಕಿರುವಷ್ಟು ಕಾಲ ಪ್ರತಿ ಸುಗ್ಗಿಗೆ ಒಂದು ಕಂತೆ ತೆನೆ ಕೊಡಿಸುತ್ತೇನೆ ಅಂತ ತಾಯಿ ಹರಕೆ ಹೊತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಹರಕೆ ಮಗಳ ಪಾಲಿಗೆ ಬಂತು. ಕದ್ದ ತೆನೆ ದೇವಿಗೆ ಇಡುವ ಹಾಗಿಲ್ಲ, ಕದ್ದ ದುಡ್ಡಲ್ಲಿ ಕೊಂಡದ್ದೂ ಆಗುವುದಿಲ್ಲ ಅಂತ ಆ ಆಟಗಾರ್ತಿಯೇ ತೀರ್ಮಾನ ಮಾಡಿದ್ದಳು. ಸುಗ್ಗಿ ಬಂತು. ಗೇಮ್ ಮಾಸ್ಟರ್ ಆಗಿದ್ದ ನಾನು ಆ ಸೆಷನ್‌ಗೆ (ಆ ದಿನದ ಆಟಕ್ಕೆ) ಅಂತ ಒಂದು ಪಾಳುಕೋಟೆ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವಳು "ಮೊದಲು ಕೂಲಿ ಹುಡುಕಬೇಕು" ಅಂದಳು. ಫೈಟರ್, ಮಾಂತ್ರಿಕ ಎಲ್ಲ ಸೇರಿ ಒಂದು ಊರಲ್ಲಿ ಕಟಾವಿಗೆ ಇಳಿದರು. ಕುಡುಗೋಲು ಹಿಡಿಯೋಕೆ ಬರದ ಮಾಂತ್ರಿಕ ಕಂತೆ ಕಟ್ಟಿದ. ಸಂಜೆ ಕೂಲಿಯಾಗಿ ಕಾಳಿನ ಬದಲು ತೆನೆ ಕೊಡಿ ಅಂತ ಅವಳು ಗೌಡರ ಹತ್ತಿರ ಕೇಳಿದಳು. ಹಲವು ಲೂಟಿಗಳನ್ನು ಮರೆತ ನಮ್ಮ ಹುಡುಗರು ಆ ಸಂಜೆಯನ್ನು ಮರೆತಿಲ್ಲ. ಇದಕ್ಕೆ ಯಾವ ನಿಯಮವೂ ಬೇಕಾಗಲಿಲ್ಲ. ಕ್ಲೆರಿಕ್ ಆಡುವವನಿಗೆ ಕೂಡ ಅವತ್ತು ಹೊಟ್ಟೆಕಿಚ್ಚಾಯಿತು.

ಆಣೆಯ ಬಗ್ಗೆ ಎರಡೇ ಮಾತು. ಗುರುತಿಲ್ಲದ ಇಬ್ಬರು ವ್ಯವಹಾರ ಮಾಡುವಾಗ ನಡುವೆ ಒಬ್ಬ ದೇವರು ಬೇಕಾಗುತ್ತದೆ. ಸಾಲದ ಜಗಳಕ್ಕೆ ಧರ್ಮಸ್ಥಳದ ಆಣೆ ಹಾಕಿಸುವುದನ್ನು ನೀವೆಲ್ಲ ನೋಡಿದ್ದೀರಿ. ನಿಮ್ಮ ಸುಳ್ಳುಗಾರ ಬಾರ್ಡ್ ಯಾವ ದೇವರ ಮೇಲೆ ಮಾತ್ರ ಸುಳ್ಳು ಆಣೆ ಮಾಡುವುದಿಲ್ಲ? ಅದು ಗೊತ್ತಾದರೆ ಅವನ ದೇವರು ಯಾರು ಅಂತ ಗೊತ್ತಾಯಿತು. ಎದುರಾಳಿಗೂ ಅದು ಗೊತ್ತಾಗಿಬಿಟ್ಟರೆ ಆಟ ಇನ್ನೂ ಚೆನ್ನಾಗಿರುತ್ತದೆ.

ಈಗ ನಿಯಮದ ಮಾತಿಗೆ ಬರುತ್ತೇನೆ, ಯಾಕಂದ್ರೆ ಕೆಲವರಿಗೆ ನಿಯಮ ಇಲ್ಲದೆ ಸಮಾಧಾನ ಆಗುವುದಿಲ್ಲ. ಡಂಜನ್ಸ್ ಅಂಡ್ ಡ್ರಾಗನ್ಸ್‌ನವರೇ 2020ರಲ್ಲಿ ಥೀರೋಸ್ ಅನ್ನುವ ಲೋಕದ ಪುಸ್ತಕ ತಂದರು. ಅದರಲ್ಲಿ ಯಾವ ಕ್ಲಾಸ್‌ನವರಾದರೂ ಒಬ್ಬ ದೇವರಿಗೆ ನಡೆದುಕೊಳ್ಳಬಹುದು. ಭಕ್ತಿಗೆ ಒಂದು ಅಂಕಿ ಇದೆ. ಅದು 3, 10, 25, 50 ಮುಟ್ಟಿದಾಗ ದೇವರಿಂದ ಒಂದೊಂದು ವರ ಸಿಗುತ್ತದೆ. ದೇವರ ಮನಸ್ಸಿಗೆ ಒಪ್ಪದ್ದು ಮಾಡಿದರೆ ಅಂಕಿ ಇಳಿಯುತ್ತದೆ. ಕ್ಲೆರಿಕ್ ಅಲ್ಲದವರಿಗೂ ಬಾಗಿಲು ತೆರೆದರಲ್ಲ, ಅದು ಒಳ್ಳೆಯದೇ. ಆದರೆ ಅಂಕಿ ಏರಿಸಬೇಕು ಅಂತ ಭಕ್ತಿ ಮಾಡೋಕೆ ಶುರು ಮಾಡಿದರೆ ದೇವರು ಇನ್ನೊಂದು ಮ್ಯಾಜಿಕ್ ಕತ್ತಿ ಆಗಿಬಿಡುತ್ತಾರೆ. ನನಗೆ ರೂನ್‌ಕ್ವೆಸ್ಟ್‌ನ ಹುಮಕ್ತ್ ದೇವರ ಪದ್ಧತಿ ಹೆಚ್ಚು ಇಷ್ಟ. ಹುಮಕ್ತ್ ಸಾವಿನ, ಕತ್ತಿಯ ದೇವರು. ಅವನ ಒಕ್ಕಲಾದ ಸೈನಿಕ ಒಂದು ವರ ಪಡೆಯಬಹುದು. ಪಡೆದರೆ ಜೊತೆಗೆ ಒಂದು ಕಟ್ಟುಪಾಡೂ ಬರುತ್ತದೆ. ಸುಳ್ಳು ಹೇಳಬಾರದು, ಇಂಥದ್ದನ್ನು ತಿನ್ನಬಾರದು, ಈ ಥರ. ಎಲ್ಲಕ್ಕಿಂತ ದೊಡ್ಡದು, ಹುಮಕ್ತ್‌ನವರು ಸತ್ತರೆ ಮತ್ತೆ ಬದುಕಿಸುವ ಹಾಗಿಲ್ಲ. ಸಾವಿನ ದೇವರಿಗೆ ಸೇರಿದವನು ಸಾವನ್ನು ವಾಪಸ್ ಕೊಡುವುದು ಹೇಗೆ? ಇಂಥ ಒಬ್ಬ ಫೈಟರ್ ಟೇಬಲ್‌ನಲ್ಲಿದ್ದರೆ ಅವನು ಡೈಸ್ ಎತ್ತಿಕೊಂಡಾಗಲೆಲ್ಲ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ.

ನಮ್ಮ ಜನಕ್ಕೆ ಇದು ಹೊಸದಲ್ಲ. ಶನಿವಾರ ಒಪ್ಪೊತ್ತು ಇರುವವರು, ಮಾಲೆ ಹಾಕಿದಾಗ ಚಪ್ಪಲಿ ಬಿಡುವವರು, ಹರಕೆ ತೀರುವ ತನಕ ಗಡ್ಡ ತೆಗೆಯದವರು, ಇವರೆಲ್ಲ ಪೂಜಾರಿಗಳಲ್ಲ. ನಿಮ್ಮ ಪಾತ್ರಕ್ಕೆ ವರ ಏನು ಅಂತ ಯೋಚಿಸುವ ಮೊದಲು ಅದು ಏನನ್ನು ಬಿಟ್ಟಿದೆ ಅಂತ ಬರೆಯಿರಿ.

ಒಂದೇ ದೇವರು ಇರಬೇಕು ಅಂತಲೂ ಇಲ್ಲ. ಮನೆದೇವರು ಒಂದು, ಊರದೇವತೆ ಇನ್ನೊಂದು, ಶನಿಕಾಟ ಅಂತ ಪಾವಗಡಕ್ಕೆ ಹೋಗಿಬರುವುದು ಬೇರೆ, ಹೊಸ ಕೆಲಸ ಹಿಡಿಯುವ ಮೊದಲು ಕುರುಡುಮಲೆ ಗಣಪನಿಗೆ ಕೈ ಮುಗಿಯುವುದು ಬೇರೆ. ಇವುಗಳಲ್ಲಿ ಜಗಳ ಇದೆ ಅಂತ ಯಾರಿಗೂ ಅನಿಸುವುದಿಲ್ಲ. ಫರ್ಗಾಟನ್ ರೆಲ್ಮ್ಸ್‌ನ ಸಾಮಾನ್ಯ ಜನರೂ ಹೀಗೇ. ಬಿತ್ತುವಾಗ ಚಾಂಟಿಯಾ, ಸಮುದ್ರ ದಾಟುವಾಗ ಅಂಬರ್ಲಿ, ಸಂತೆಯಲ್ಲಿ ವ್ಯಾಪಾರದ ದೇವಿ ವಾಕೀನ್. ಎಲ್ಲರಿಗೂ ನಡೆದುಕೊಂಡು, ಒಬ್ಬರನ್ನು ಮಾತ್ರ ತಮ್ಮವರು ಅಂದುಕೊಳ್ಳುತ್ತಾರೆ. ಶೀಟಿನಲ್ಲಿ ಒಂದೇ ಗೆರೆ ಇದೆ ಅಂತ ನಿಮ್ಮ ಪಾತ್ರದ ಬದುಕನ್ನು ಆ ಗೆರೆಗೆ ಕತ್ತರಿಸಬೇಡಿ.

ಆ ಲೋಕದಲ್ಲಿ ದೇವರನ್ನು ನಂಬೋಕೆ ಇನ್ನೊಂದು ಕಾರಣ ಕೊಟ್ಟಿದ್ದರು. ಯಾವ ದೇವರನ್ನೂ ನಂಬದೆ ಸತ್ತವರನ್ನು ಸತ್ತವರ ಊರಿನ ಗೋಡೆಗೆ ಸೇರಿಸಿ ಕಟ್ಟುತ್ತಾರೆ ಅಂತ. ಜೀವ ನಿಧಾನವಾಗಿ ಆ ಗೋಡೆಯಲ್ಲೇ ಕರಗಿಹೋಗುತ್ತದೆ. ಕೆಲವು ಗೇಮ್ ಮಾಸ್ಟರ್‌ಗಳು ಈ ಗೋಡೆ ತೋರಿಸಿ ಆಟಗಾರರಿಂದ ದೇವರ ಹೆಸರು ಬರೆಸುತ್ತಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ಬಡವಾದ ಕಾರಣ ಇದು. ಚೇಳಮ್ಮನ ಭಯಕ್ಕೆ ಹೊಲ ಇದೆ, ಕಾಲು ಇದೆ, ಮಕ್ಕಳಿದ್ದಾರೆ. ಗೋಡೆಯ ಭಯ ನಿಯಮಪುಸ್ತಕದಿಂದ ಬಂದದ್ದು. ಅದರಿಂದ ಬರುವುದು ಒಂದು ಹೆಸರು ಮಾತ್ರ, ಕಥೆ ಬರುವುದಿಲ್ಲ.

ದೇವರು ಬೇಡವೇ ಬೇಡ ಅನ್ನುವ ಪಾತ್ರ ಆಡಬಾರದಾ ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಖಂಡಿತ ಆಡಿ. ಆದರೆ ಒಂದು ವಿಷಯ ನೆನಪಿರಲಿ. ಆ ಲೋಕಗಳಲ್ಲಿ ಕ್ಲೆರಿಕ್ ಕೈ ಇಟ್ಟರೆ ಗಾಯ ಕಣ್ಣೆದುರೇ ಮಾಯುತ್ತದೆ. ದೇವರು ಇಲ್ಲ ಅಂತ ವಾದ ಮಾಡುವುದು ಅಲ್ಲಿ ಕಷ್ಟ. 1994ರಲ್ಲಿ ಬಂದ ಪ್ಲೇನ್‌ಸ್ಕೇಪ್ ಅನ್ನುವ ಆಟದ ಲೋಕದಲ್ಲಿ ಆಥಾರ್ ಅನ್ನುವ ಬಣ ಇದೆ. ಅವರು ಆ ಶಕ್ತಿಗಳು ಇಲ್ಲ ಅನ್ನುವುದಿಲ್ಲ. ಅವು ಬಲಶಾಲಿ ಜೀವಿಗಳು, ದೇವರು ಅನ್ನಿಸಿಕೊಳ್ಳುವ ಯೋಗ್ಯತೆ ಅವಕ್ಕಿಲ್ಲ ಅನ್ನುತ್ತಾರೆ. ಅದು ಗಟ್ಟಿ ನಿಲುವು. ನಿಮ್ಮ ಪಾತ್ರವೂ ಹಾಗೆ ಒಂದು ನಿಲುವಿಗೆ ಬಂದಿರಲಿ. ಯಾವ ದೇವರನ್ನು ಬಿಟ್ಟ, ಯಾವ ಹರಕೆ ಫಲಿಸಲಿಲ್ಲ, ಮನೆಯವರು ಇನ್ನೂ ಆ ದೇವರಿಗೇ ನಡೆದುಕೊಳ್ಳುತ್ತಿದ್ದಾರಾ, ಇಷ್ಟು ಬರೆದುಕೊಳ್ಳಿ. ಆಮೇಲೆ ಒಂದು ಪ್ರಶ್ನೆಯನ್ನು ಮೊದಲ ಸೆಷನ್‌ಗೆ ಮುಂಚೆಯೇ ಕ್ಲೆರಿಕ್ ಆಡುವವರ ಜೊತೆ ಕೂತು ಮಾತಾಡಿಕೊಳ್ಳಿ: ದೇವರನ್ನು ಬಿಟ್ಟ ನಿಮ್ಮ ಪಾತ್ರದವನು ಪೆಟ್ಟು ತಿಂದು ಬಿದ್ದಾಗ, ಅವನು ಬಿಟ್ಟುಬಂದ ಅದೇ ದೇವರ ಹೆಸರು ಹೇಳಿ ಕ್ಲೆರಿಕ್ ಕೈ ಚಾಚಿದರೆ, ಒಪ್ಪುತ್ತಾನಾ? ಒಪ್ಪುವುದಿಲ್ಲ ಅಂತಾದರೆ ಚೀಲದಲ್ಲಿ ಗಾಯಕ್ಕೆ ಔಷಧಿ, ಬಟ್ಟೆ ಜಾಸ್ತಿ ಇಟ್ಟುಕೊಳ್ಳಲಿ. ಪಾರ್ಟಿಯಲ್ಲಿ, ಅಂದರೆ ಜೊತೆಗೆ ಆಡುವ ತಂಡದಲ್ಲಿ, ಮಿಕ್ಕವರಿಗೂ ಅದು ಮೊದಲೇ ಗೊತ್ತಿರಲಿ.